ಏಳು ಸುತ್ತಿನ ಗಂಟು ಮತ್ತು ಎರಡು ಊಟದ ಡಬ್ಬಿ

ಪಾರ್ಸೆಲ್ಲಣ್ಣ ಕಟ್ಟಿದ ಗಂಟು ತಾನಾಗಿ ಬಿಚ್ಚಿಕೊಂಡಿತು ಎಂಬ ಸುದ್ದಿಯನ್ನು ಹತ್ತೊಂಬತ್ತು ವರ್ಷಗಳಲ್ಲಿ ಯಾರೂ ಕೇಳಿರಲಿಲ್ಲ. ಬಿಚ್ಚಲು ಹೋದವರ ಉಗುರು ಮುರಿದ ಸುದ್ದಿ ಮಾತ್ರ ಆಗಾಗ ಬರುತ್ತಿತ್ತು.

ಅವನು ಪಾರ್ಸೆಲ್ ಆಫೀಸಿನಲ್ಲಿ ಸಾಮಾನು ಕಟ್ಟುವವನು. ಕಂದು ಕಾಗದ, ರಟ್ಟು, ಸೆಣಬಿನ ಹುರಿ, ಒಂದು ಉದ್ದನೆಯ ಮೇಜು, ಇಷ್ಟೇ ಅವನ ಸಾಮ್ರಾಜ್ಯ. ಗಾಜಿನ ಲೋಟವಿರಲಿ, ಗೋಡೆ ಗಡಿಯಾರವಿರಲಿ, ಅವನ ಕೈಯಿಂದ ದಾಟಿತೆಂದರೆ ಲಾರಿಯಿಂದ ಉರುಳಿ ಬಿದ್ದರೂ ಚಿಂತೆಯಿಲ್ಲ. ಕೊನೆಗೆ ಹಾಕುವ ಏಳು ಸುತ್ತಿನ ಗಂಟು ಅವನದೇ ಆವಿಷ್ಕಾರ. ಒಮ್ಮೆ ದೂರದೂರಿನ ಗಿರಾಕಿಯೊಬ್ಬರು, 'ನೀವು ಕಳಿಸಿದ ಗಡಿಯಾರ ತಲುಪಿತು. ಕಟ್ಟು ಬಿಚ್ಚಲು ಎರಡು ದಿನ ಹಿಡಿಯಿತು. ಈ ಕೆಲಸ ಮಾಡಿದವರು ಯಾರೆಂದು ತಿಳಿಯಬೇಕಾಗಿದೆ' ಎಂದು ಬರೆದಿದ್ದರು. ಅದು ದೂರಿನ ಪತ್ರ ಎಂಬುದು ಮ್ಯಾನೇಜರಿಗೆ ಗೊತ್ತಾಗಿತ್ತು. ಪಾರ್ಸೆಲ್ಲಣ್ಣ ಅದಕ್ಕೆ ಕಟ್ಟು ಹಾಕಿಸಿ ಮನೆಯ ನಡುಗೋಡೆಯಲ್ಲಿ ತೂಗುಹಾಕಿದ್ದ.

ಅವನ ಕಸುಬಿನಲ್ಲಿ ಒಂದು ನೇಮವಿತ್ತು. ಹುರಿಯನ್ನು ಕತ್ತರಿಸಬಾರದು. ಗಂಟನ್ನು ಬಿಚ್ಚಬೇಕು, ಹುರಿಯನ್ನು ಬೆರಳಿಗೆ ಸುತ್ತಿ ಎತ್ತಿಡಬೇಕು. "ಕತ್ತರಿ ಹಾಕೋದು ಯಾರ ಕೈಲಾದ್ರೂ ಆಗುತ್ತೆ ಮಕ್ಳೇ. ಕಟ್ಟಿದವನ ಮುಖಕ್ಕೆ ಹೊಡೆದ ಹಾಗೆ ಅದು," ಎಂದು ಮಗಳಿಗೂ ಮಗನಿಗೂ ಎಷ್ಟೋ ಸಲ ಹೇಳಿದ್ದ. ಮಗಳು ಪುಟ್ಟಿಗೆ ಏಳು ವರ್ಷ, ಮಗ ಗುಂಡನಿಗೆ ಐದು. ಅಪ್ಪ ಹೇಳಿದ್ದನ್ನೆಲ್ಲ ನಂಬುವ ವಯಸ್ಸು. ಅನಾಹುತಕ್ಕೆ ಮೂಲ ಇದೇ.

ಹೆಂಡತಿ ದೊಡ್ಡಾಸ್ಪತ್ರೆಯಲ್ಲಿ ನರ್ಸು. ನಾಲ್ಕು ವರ್ಷ ಕಾದ ಮೇಲೆ ಆಪರೇಷನ್ ಥಿಯೇಟರಿನ ತರಬೇತಿಗೆ ಅವಳ ಹೆಸರು ಬಂದಿತ್ತು. ಬೇರೆ ಊರಿನಲ್ಲಿ ಹನ್ನೆರಡು ದಿನ, ಕೊನೆಗೊಂದು ಪರೀಕ್ಷೆ. ಒಂದು ದಿನ ತಪ್ಪಿಸಿದರೂ ಹೆಸರು ಹೊಡೆದುಹಾಕುತ್ತಾರೆ. ಮತ್ತೆ ಪಟ್ಟಿಯ ಬುಡದಿಂದ ಶುರು. ಪತ್ರ ಕೈಗೆ ಬಂದ ದಿನ ಅವಳು ಕುಣಿಯಲಿಲ್ಲ. ಅಡುಗೆಮನೆಯ ಬಾಗಿಲಲ್ಲಿ ನಿಂತು ಮಕ್ಕಳ ಎರಡು ಊಟದ ಡಬ್ಬಿಗಳನ್ನು ಸುಮ್ಮನೆ ನೋಡಿದಳು.

"ಬೆಳಗ್ಗೆ ಇವನ್ನ ಯಾರು ಕಟ್ತಾರೆ ರೀ?"

ಪಾರ್ಸೆಲ್ಲಣ್ಣ ನಕ್ಕ. ಅದು ಕಸುಬುದಾರನ ನಗು. "ನನ್ನ ಕೇಳ್ತೀಯಾ? ಊರಿಗೆಲ್ಲಾ ಕಟ್ಟಿ ಕಳಿಸೋನಿಗೆ ಎರಡು ಡಬ್ಬಿ ಒಂದು ಲೆಕ್ಕಾನಾ?"

ಈ ಮಾತನ್ನು ಹೆಂಡತಿಯೊಬ್ಬಳೇ ಕೇಳಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಸೋಫಾದ ಮೇಲೆ ಅವನ ಅತ್ತೆ ಕೂತಿದ್ದರು. ಎರಡು ಬೀದಿ ಆಚೆ ಅವರ ಮನೆ. ಮೂರು ಮಹಡಿ ಹತ್ತಿ ಬೆಳಗ್ಗೆ ಬಂದು ಅಡುಗೆ ಮಾಡೋಣವೆಂದರೆ ಮೊಣಕಾಲು ಒಪ್ಪದು. ಬೆಳಗಿನ ಹೊತ್ತು ಅತ್ತೆಯ ಮೊಣಕಾಲು ಏಳುತ್ತಿರಲಿಲ್ಲ, ನಾಲಿಗೆ ಮಾತ್ರ ಎಲ್ಲರಿಗಿಂತ ಮೊದಲೇ ಎದ್ದಿರುತ್ತಿತ್ತು.

"ನೋಡೋಣ ಅಳಿಯಂದ್ರೇ," ಎಂದರು ಅವರು. ಅಷ್ಟೇ ಅಂದು ಸುಮ್ಮನಾದರು. ಅತ್ತೆ ಸುಮ್ಮನಾದರೆ ಮನೆಯ ಗಡಿಯಾರದ ಸದ್ದು ಜೋರಾಗಿ ಕೇಳಿಸುತ್ತದೆ.

ಭಾನುವಾರ ಹೆಂಡತಿ ಹೊರಟಳು. ದಾರಿಗೆಂದು ಒಂದು ತಗಡಿನ ಡಬ್ಬಿಯ ತುಂಬ ಗರಿಗರಿ ಬಿಸ್ಕತ್ತು ಜೋಡಿಸಿ, ರಟ್ಟು ಸುತ್ತಿ, ಹುರಿ ಬಿಗಿದು, ಏಳು ಸುತ್ತಿನ ಗಂಟು ಹಾಕಿ ಪಾರ್ಸೆಲ್ಲಣ್ಣನೇ ಅವಳ ಕೈಗಿಟ್ಟ. ಬಸ್ಸು ಹೊರಟಾಗ ಅವಳು ಕಿಟಕಿಯಿಂದ ಮಕ್ಕಳಿಗೆ ಕೈ ಬೀಸಿದಳು. ಇನ್ನೊಂದು ಕೈಯಲ್ಲಿ ಆ ಕಟ್ಟನ್ನು ಎದೆಗೆ ಒತ್ತಿಕೊಂಡಿದ್ದಳು.

ಸೋಮವಾರ ಬೆಳಗ್ಗೆ ಅವನು ಡಬ್ಬಿಗಳನ್ನು ಎಲ್ಲರ ಹಾಗೆಯೇ ತುಂಬಿಸಿದ. ಬ್ರೆಡ್ಡು, ಬೇಯಿಸಿದ ಮೊಟ್ಟೆ, ಟೊಮೆಟೊ ಗೊಜ್ಜಿನಲ್ಲಿ ಅದ್ದಿದ ಆಲೂಗಡ್ಡೆ. ಮುಚ್ಚಳ ಒತ್ತಿದ, ಕಳಿಸಿದ. ಸಂಜೆ ಗುಂಡನ ಚೀಲವನ್ನು ತಿರುವಿ ಹಾಕಿದಾಗ ಮೊದಲು ಬಿದ್ದದ್ದು ಚಿತ್ರದ ಪುಸ್ತಕ. ಅದರಲ್ಲಿದ್ದ ಆನೆ ಕೆಂಪಾಗಿತ್ತು. ಆಮೇಲೆ ಅಂಕಿ ಪುಸ್ತಕ, ಅದೂ ಕೆಂಪು. ಕೊನೆಗೆ ಬಾಯಿ ತೆರೆದುಕೊಂಡ ಖಾಲಿ ಡಬ್ಬಿ.

"ಚೀಲ ಊಟ ಮಾಡ್ತು ಅಜ್ಜಿ," ಎಂದು ಗುಂಡ ವರದಿ ಒಪ್ಪಿಸಿದ. "ನಾನು ಮಾಡ್ಲಿಲ್ಲ."

ಅತ್ತೆ ಆನೆಯನ್ನು ನೋಡಿದರು. ಅಳಿಯನನ್ನು ನೋಡಿದರು. ಕೈಚೀಲದಿಂದ ಮೊಬೈಲನ್ನು ತೆಗೆದು ಮೇಜಿನ ಮೇಲೆ ಟಕ್ಕೆಂದು ಇಟ್ಟರು.

"ಕೇಳಿ ಅಳಿಯಂದ್ರೇ. ದಿನಾ ಸಂಜೆ ಬರ್ತೀನಿ. ಡಬ್ಬಿ ತೆಗೆದು ನೋಡ್ತೀನಿ. ಇನ್ನೊಂದೇ ಒಂದು ದಿನ ನನ್ನ ಮೊಮ್ಮಕ್ಕಳು ಹಸ್ಕೊಂಡು ಬಂದ್ರೋ, ಅವತ್ತೇ ಮಗಳಿಗೆ ಫೋನ್ ಮಾಡಿ ವಾಪಸ್ ಕರೆಸ್ತೀನಿ. ತರಬೇತಿ ಇರಲಿ, ಪರೀಕ್ಷೆ ಇರಲಿ."

"ಅತ್ತೆ, ಅವಳು ನಾಲ್ಕು ವರ್ಷ ಕಾದಿದ್ದಾಳೆ..."

"ಮಕ್ಕಳ ಹೊಟ್ಟೆ ನಾಲ್ಕು ಗಂಟೆ ಕಾಯಲ್ಲ."

ಪುಟ್ಟಿ ಬಾಗಿಲ ಮರೆಯಲ್ಲಿ ನಿಂತು ಇದನ್ನು ಕೇಳಿಸಿಕೊಂಡಳು. ಅವಳು ಅಮ್ಮನ ಹಾಗೆ. ಮುಖ್ಯವಾದ ವಿಷಯ ಬಂದಾಗ ಸುಮ್ಮನಿರುತ್ತಾಳೆ.

ಪಾರ್ಸೆಲ್ಲಣ್ಣ ಅಂದು ತಪ್ಪು ಎಲ್ಲಾಯಿತೆಂದು ಕಂಡುಕೊಂಡ. ಇಷ್ಟು ವರ್ಷದ ವಿದ್ಯೆಯನ್ನು ಆಫೀಸಿನಲ್ಲೇ ಬಿಟ್ಟು ಬಂದು, ಮನೆಯಲ್ಲಿ ಲೋಕದ ಜನರ ಹಾಗೆ ಬರೀ ಮುಚ್ಚಳ ಒತ್ತಿದ್ದೇ ತಪ್ಪು.

ಮಂಗಳವಾರ ಬೆಳಗ್ಗೆ ಅಡುಗೆಮನೆ ಪಾರ್ಸೆಲ್ ಆಫೀಸಾಯಿತು. ಮೊಟ್ಟೆಗೆ ಹತ್ತಿಯ ಹಾಸಿಗೆ. ಬ್ರೆಡ್ಡಿನ ಎರಡೂ ಬದಿಗೆ ರಟ್ಟಿನ ತಡೆ. ಬಾಳೆಹಣ್ಣಿಗೆ ಮೂರು ಸುತ್ತು ಕಾಗದ, ತುದಿಗೆ ಟೋಪಿ. ಮುಚ್ಚಳದ ಮೇಲೆ ಕಂದು ಕಾಗದ, ಅದರ ಮೇಲೆ ಉದ್ದಕ್ಕೂ ಅಡ್ಡಕ್ಕೂ ಹುರಿ, ನಟ್ಟನಡುವೆ ಏಳು ಸುತ್ತಿನ ಗಂಟು. ಪಕ್ಕಕ್ಕೆ ಆಫೀಸಿನ ಚೀಟಿ: 'ಒಡೆಯುವ ವಸ್ತು. ಬಾಣದ ಗುರುತು ಸದಾ ಮೇಲ್ಮುಖವಾಗಿರಲಿ.'

"ಅಪ್ಪ, ಸದಾ ಅಂದ್ರೆ?" ಗುಂಡ ಕೇಳಿದ.

"ಯಾವಾಗ್ಲೂ."

"ನಾನು ಬಗ್ಗಬಾರ್ದಾ?"

"ಬಗ್ಗಬಾರ್ದು."

ಪರೀಕ್ಷೆ ಮಾಡದೆ ಯಾವ ಪಾರ್ಸೆಲ್ಲೂ ಅವನ ಮೇಜು ದಾಟಿದ್ದಿಲ್ಲ. ಡಬ್ಬಿ ಹಿಡಿದು ಮೂರನೇ ಮಹಡಿಯ ಮೊಗಸಾಲೆಗೆ ಬಂದ. ಕೆಳಗೆ ಅಂಗಳದಲ್ಲಿ ಕೆಳಮನೆಯ ಕಂಡಕ್ಟರು ಹಲ್ಲುಜ್ಜುತ್ತಿದ್ದರು. ನಿವೃತ್ತರಾಗಿ ಆರು ವರ್ಷವಾದರೂ ಕೊರಳಲ್ಲಿ ಸೀಟಿ ಬಿಟ್ಟವರಲ್ಲ.

"ಕಂಡಕ್ಟ್ರೇ, ಸ್ವಲ್ಪ ಪಕ್ಕಕ್ಕೆ ಸರೀರಿ!"

"ಯಾಕ್ರೀ ಪಾರ್ಸೆಲ್ಲಣ್ಣ?"

"ಊಟ ಬರ್ತಿದೆ!"

ಡಬ್ಬಿ ಮೂರು ಮಹಡಿ ಇಳಿದು, ನೆಲಕ್ಕೆ ಬಡಿದು, ಒಂದು ಸಲ ನೆಗೆದು ಕಂಡಕ್ಟರ ಪಾದದ ಬಳಿ ಕೂತಿತು. ಕಂಡಕ್ಟರು ಅದನ್ನೆತ್ತಿ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರು. ಒಳಗೆ ಹುಳುವಿನಷ್ಟು ಸದ್ದಿಲ್ಲ. ಹಲ್ಲುಪುಡಿಯ ನೊರೆಯೊಂದಿಗೇ ಉದ್ದನೆಯ ಸೀಟಿ ಊದಿಬಿಟ್ಟರು. ಅಕ್ಕಪಕ್ಕದ ಕಿಟಕಿಗಳೆಲ್ಲ ತೆರೆದವು. ಯಾರೋ ಚಪ್ಪಾಳೆ ತಟ್ಟಿದರು. ಸೋಮವಾರದಿಂದ ಕುಗ್ಗಿದ್ದ ಅವನ ಎದೆ ಮತ್ತೆ ಉಬ್ಬಿತು.

ಸಂಜೆ ಅತ್ತೆ ಬಂದರು. ಡಬ್ಬಿ ತೆಗೆದರು. ಎರಡೂ ಖಾಲಿ! ಒಂದು ಚೂರು ಇಲ್ಲ, ಒಂದು ಹನಿ ಇಲ್ಲ. ಚೀಲ ಒಣಗಿತ್ತು. ಕಾಗದವನ್ನು ನಾಲ್ಕು ಮಡಿಕೆಯಾಗಿ ಮಡಿಸಿಡಲಾಗಿತ್ತು. ಹುರಿ ಅಪ್ಪ ಹೇಳಿಕೊಟ್ಟ ಹಾಗೆ ಬೆರಳಿಗೆ ಸುತ್ತಿ ತೆಗೆದ ಸಣ್ಣ ಸುರುಳಿಯಾಗಿ ಡಬ್ಬಿಯೊಳಗೆ ಕೂತಿತ್ತು.

"ಊಟ ಮಾಡಿದ್ರೇನ್ರೇ?"

"ಹೂಂ ಅಜ್ಜಿ," ಎಂದಳು ಪುಟ್ಟಿ.

"ಹೂಂ ಅಜ್ಜಿ," ಎಂದ ಗುಂಡ, ಅಕ್ಕನ ಮುಖ ನೋಡಿಕೊಂಡು. ಇಡೀ ದಿನ ಬಗ್ಗದೆ ನಡೆದು ಅವನ ಕುತ್ತಿಗೆ ಸೆಟೆದಿತ್ತು.

ಅತ್ತೆ ಡಬ್ಬಿಯನ್ನು ಮೂಸಿದರು. ಬೆಳಕಿಗೆ ಹಿಡಿದರು. ಮೊಬೈಲನ್ನು ಚೀಲಕ್ಕೆ ಹಾಕಿಕೊಂಡರು. ಪಾರ್ಸೆಲ್ಲಣ್ಣ ಖಾಲಿ ಡಬ್ಬಿಯೊಳಗೆ ಇಣುಕಿ ನಕ್ಕ ನಗು ಹೇಗಿತ್ತೆಂದರೆ, ಅದನ್ನು ನೋಡಿ ಪುಟ್ಟಿ ಒಳಗೆ ಹೋಗಿ ನೀರು ಕುಡಿದು ಬಂದಳು.

ಆ ಹೊತ್ತಿಗೇ ಹೆಂಡತಿಯ ಫೋನು ಬಂತು. ಮಕ್ಕಳ ಸಮಾಚಾರವಾದ ಮೇಲೆ ಅವನು ಕೇಳಿಯೇ ಕೇಳಿದ: "ಅಂದಹಾಗೆ, ಬಿಸ್ಕತ್ತು ಹೇಗಿತ್ತು?"

"ಹಾಗೇ ಇದೆ ರೀ," ಎಂದಳು. "ಸ್ವಲ್ಪವೂ ಅಲ್ಲಾಡಿಲ್ಲ."

"ಕೇಳಿದ್ರಾ ಅತ್ತೆ? ಅಷ್ಟು ದೂರ ಬಸ್ಸಲ್ಲಿ ಕುಲುಕಿದ್ರೂ ಹಾಗೇ ಇದೆಯಂತೆ!"

ಬುಧವಾರವೂ ಖಾಲಿ. ಗುರುವಾರವೂ. ಕೀರ್ತಿಗೆ ಕಾಲು ಬಂತು. ಕಂಡಕ್ಟರು ಹಾಲಿನ ಅಂಗಡಿಯಲ್ಲಿ, "ನಮ್ಮ ಮೊಮ್ಮಗಳು ಅರ್ಧ ಬ್ರೆಡ್ಡು ವಾಪಸ್ ತರ್ತಾಳೆ. ಇವರ ಮಕ್ಕಳು ಡಬ್ಬಿ ತೊಳೆದ ಹಾಗೆ ತಿಂದು ಬರ್ತಾರೆ. ಎಲ್ಲಾ ಕಟ್ಟೋದ್ರಲ್ಲಿದೆ ಸ್ವಾಮಿ," ಎಂದು ಭಾಷಣ ಮಾಡಿದರು. ಆಫೀಸಿನಲ್ಲಿ ಮ್ಯಾನೇಜರು ಕರೆದು, "ಏನ್ರೀ, ಊಟದ ಡಬ್ಬಿಯಲ್ಲೂ ನಿಮ್ಮ ಗಂಟು ಗೆದ್ದಿತಂತೆ?" ಎಂದರು. "ಭದ್ರವಾಗಿ ಕಟ್ಟಿದ ಊಟದ ಮೇಲೆ ಮಕ್ಕಳಿಗೆ ಗೌರವ ಹುಟ್ಟುತ್ತೆ ಸಾರ್," ಎಂದು ಅವನು ಗಂಭೀರವಾಗಿ ಉತ್ತರಿಸಿದ. ಈ ಸಿದ್ಧಾಂತ ಆ ಕ್ಷಣದಲ್ಲೇ ಹುಟ್ಟಿದ್ದು. ಆದರೆ ಹೇಳಿ ಮುಗಿಸುವಷ್ಟರಲ್ಲಿ ಅವನಿಗೇ ಬಲವಾಗಿ ನಂಬಿಕೆ ಬಂದಿತ್ತು.

ಮಕ್ಕಳು ಸಂಜೆ ಮನೆಗೆ ಬಂದಾಗ ಊಟವನ್ನು ಆಗತಾನೇ ಮುಗಿಸಿದವರ ಹಾಗೆ ಬಾಯಿ ಒರೆಸಿಕೊಳ್ಳುತ್ತಿದ್ದುದು, ಪುಟ್ಟಿಯ ಬೆರಳ ತುದಿಗಳು ಕೆಂಪಗಾಗಿದ್ದುದು, ಗುಂಡ ಮಲಗುವಾಗಲೂ ಮೇಲ್ಮುಖವಾಗಿಯೇ ಮಲಗುತ್ತಿದ್ದುದು, ಇವೆಲ್ಲ ಕಣ್ಣಿಗೆ ಬಿದ್ದರೂ ಲೆಕ್ಕಕ್ಕೆ ಬರಲಿಲ್ಲ. ಗೆದ್ದವನಿಗೆ ಅಷ್ಟು ಪುರುಸೊತ್ತು ಎಲ್ಲಿರುತ್ತದೆ?

ಮರುಸೋಮವಾರ ಸಂಜೆ ಡಬ್ಬಿಯೊಳಗೆ ಹುರಿಯ ಸುರುಳಿಯ ಜೊತೆ ಒಂದು ಚೀಟಿ ಇತ್ತು. ಶಾಲೆಯ ಮುಖ್ಯೋಪಾಧ್ಯಾಯಿನಿ, ಮಕ್ಕಳು 'ದೊಡ್ಡ ಟೀಚರು' ಎನ್ನುವವರು, ಬರೆದದ್ದು: 'ನಾಳೆ ಊಟದ ಬಿಡುವಿಗೆ ತಪ್ಪದೆ ಶಾಲೆಗೆ ಬನ್ನಿ. ನಿಮ್ಮ ಮಕ್ಕಳ ಡಬ್ಬಿಯ ವಿಷಯ ಮಾತನಾಡಬೇಕಾಗಿದೆ. ಇಡೀ ಶಾಲೆಗೆ ಸಂಬಂಧಿಸಿದ್ದು.'

"ಇಡೀ ಶಾಲೆಗೆ!" ಎಂದ ಪಾರ್ಸೆಲ್ಲಣ್ಣ.

"ಸನ್ಮಾನ," ಎಂದರು ಕಂಡಕ್ಟರು. ಚೀಟಿ ತೋರಿಸಲೆಂದೇ ಅವರನ್ನು ಮೂರು ಮಹಡಿ ಹತ್ತಿಸಿದ್ದಾಗಿತ್ತು. "ಸಂಶಯವೇ ಬೇಡ. ಬೇರೆ ಅಪ್ಪಂದಿರಿಗೆ ಕಟ್ಟೋದು ಕಲಿಸಿ ಅಂತ ಕೇಳ್ತಾರೆ ನೋಡಿ."

"ನಾನೂ ಬರ್ತೀನಿ," ಎಂದರು ಅತ್ತೆ. ಅವರ ದನಿಯಲ್ಲಿ ಸನ್ಮಾನದ ವಾಸನೆ ಇರಲಿಲ್ಲ.

ಪುಟ್ಟಿ ಮಾತ್ರ, "ಅಪ್ಪ, ನಾಳೆ ನಿಂಗೆ ಆಫೀಸ್ ಇಲ್ವಾ?" ಎಂದು ಸಣ್ಣಗೆ ಕೇಳಿದಳು.

"ರಜೆ ಹಾಕ್ತೀನಿ ಮಗಳೇ!"

ಅವಳು ತಲೆ ತಗ್ಗಿಸಿ ತನ್ನ ಬೆರಳುಗಳನ್ನು ನೋಡಿಕೊಂಡಳು.

ಮಂಗಳವಾರದ ಮೆರವಣಿಗೆ ಹೀಗಿತ್ತು: ಮುಂದೆ ಇಸ್ತ್ರಿ ಮಾಡಿದ ಅಂಗಿಯಲ್ಲಿ ಪಾರ್ಸೆಲ್ಲಣ್ಣ, ಕಂಕುಳಲ್ಲಿ ಪ್ರದರ್ಶನಕ್ಕೆಂದು ಹೊಸ ಹುರಿಯ ಉಂಡೆ. ಹಿಂದೆ ಸಾಕ್ಷಿಯಾಗಿ ಸೀಟಿಯ ಸಮೇತ ಕಂಡಕ್ಟರು. ಅವರ ಹಿಂದೆ ಕೈಯಲ್ಲಿ ಮೊಬೈಲು ಹಿಡಿದ ಅತ್ತೆ, ಹೆಜ್ಜೆಗೊಂದರಂತೆ ಮೊಣಕಾಲಿಗೆ ಬೈಗುಳ ಹಾಕುತ್ತ.

ಶಾಲೆಯ ಕೋಣೆಗೆ ಕಾಲಿಟ್ಟಾಗ ಮೊದಲು ಕಂಡದ್ದು ದೊಡ್ಡ ಟೀಚರ ಮೇಜು. ಮೇಜಿನ ಮೇಲೆ ಹುರಿಯಿಂದ ಬಿಗಿದ ಒಂದು ಜೊತೆ ಬೂಟು. ಹುರಿಯಿಂದ ಬಿಗಿದ ಡಸ್ಟರು. ಹುರಿಯಿಂದ ಬಿಗಿದ ಕನ್ನಡಕದ ಡಬ್ಬಿ. ಕನ್ನಡಕವಿಲ್ಲದ ದೊಡ್ಡ ಟೀಚರು ಕಣ್ಣು ಕಿರಿದು ಮಾಡಿ ಬಂದವರನ್ನು ನೋಡಿದರು. ಮೂಲೆಯ ಬೆಂಚಿನಲ್ಲಿ ಪುಟ್ಟಿ ಮತ್ತು ಗುಂಡ. ಮುಂದೆ ಅಂದಿನ ಎರಡು ಡಬ್ಬಿ, ಗಂಟು ಹಾಕಿದ್ದು ಹಾಕಿದ ಹಾಗೆಯೇ.

"ಯಾರ್ರೀ ನಿಮ್ಮಲ್ಲಿ ಅಪ್ಪ?"

"ನಾನು ಮೇಡಂ," ಎಂದ ಪಾರ್ಸೆಲ್ಲಣ್ಣ, ವಿನಯದಿಂದ. "ಹೆಚ್ಚೇನೂ ಮಾಡಿಲ್ಲ. ಎಲ್ಲಾ ಅಭ್ಯಾಸ."

"ಅಭ್ಯಾಸಾನಾ! ನೋಡಿ ಈ ಮೇಜನ್ನ. ಒಂದು ವಾರದಿಂದ ನಿಮ್ಮ ಮಗಳ ಕ್ಲಾಸಲ್ಲಿ ಪಾರ್ಸೆಲ್ ಆಟ ಶುರುವಾಗಿದೆ. ಬೂಟು ಕಟ್ತಾರೆ, ಬ್ಯಾಗು ಕಟ್ತಾರೆ. ನಿನ್ನೆ ಒಬ್ಬನನ್ನ ಬೆಂಚಿಗೆ ಕಟ್ಟಿ 'ಒಡೆಯುವ ವಸ್ತು' ಅಂತ ಹಣೆಗೆ ಚೀಟಿ ಅಂಟಿಸಿದ್ರು. ನನ್ನ ಕನ್ನಡಕ ಬೆಳಗ್ಗಿಂದ ಅದರೊಳಗಿದೆ!"

"ಗಂಟು ಸರಿಯಾಗಿ ಬಿದ್ದಿದೆ," ಎಂದು ಕಂಡಕ್ಟರು ಪಿಸುಗುಟ್ಟಿದರು.

"ನಿಮ್ಮ ಮಗ ಆಟಕ್ಕೆ ಬರಲ್ಲ. ಬಗ್ಗಿದ್ರೆ ಊಟ ಒಡೆದುಹೋಗುತ್ತಂತೆ. ಮಗಳು ಆರು ದಿನದಿಂದ ಪಾಠ ಕೇಳಿಲ್ಲ. ಕೈ ಡೆಸ್ಕಿನ ಕೆಳಗೆ, ಕಣ್ಣು ಡೆಸ್ಕಿನ ಕೆಳಗೆ. ಯಾಕೆ ಅಂತ ನಿಮಗೆ ಗೊತ್ತಾ?"

ಪಾರ್ಸೆಲ್ಲಣ್ಣನಿಗೆ ಗೊತ್ತಿರಲಿಲ್ಲ. ಸನ್ಮಾನ ಯಾವ ಮೂಲೆಯಿಂದ ಬರುತ್ತದೆಂದು ಅವನಿನ್ನೂ ಸುತ್ತ ನೋಡುತ್ತಿದ್ದ.

"ಆಯ್ತು. ಈಗ ಬಿಡುವಿನ ಗಂಟೆ ಹೊಡೆಯುತ್ತೆ. ಮಕ್ಕಳ ಊಟಕ್ಕೆ ಇಪ್ಪತ್ತು ನಿಮಿಷ. ಆ ಡಬ್ಬಿ ತಗೊಳ್ಳಿ. ನೀವೇ ಬಿಚ್ಚಿ."

ಗಂಟೆ ಹೊಡೆಯಿತು.

ಪಾರ್ಸೆಲ್ಲಣ್ಣ ನಗುತ್ತ ಕೂತ. ಗುಂಡನ ಡಬ್ಬಿಯನ್ನು ಮುಂದಕ್ಕೆಳೆದ. ಗಂಟಿನ ಮೇಲೆ ಬೆರಳಿಟ್ಟ. ಆಗ, ಹತ್ತೊಂಬತ್ತು ವರ್ಷಗಳಲ್ಲಿ ಮೊದಲ ಬಾರಿಗೆ, ಒಂದು ವಿಷಯ ಅವನಿಗೆ ಹೊಳೆಯಿತು. ಅವನು ಇದುವರೆಗೆ ಒಂದು ಕಟ್ಟನ್ನೂ ಬಿಚ್ಚಿರಲಿಲ್ಲ. ಪಾರ್ಸೆಲ್ ಆಫೀಸಿನಲ್ಲಿ ಬಿಚ್ಚುವ ಕೆಲಸವೇ ಇಲ್ಲ. ಬಿಚ್ಚುವವರು ಎಲ್ಲೋ ದೂರದ ಊರುಗಳಲ್ಲಿ, ಅವನು ಎಂದೂ ನೋಡದ ಮನೆಗಳಲ್ಲಿ ಕೂತಿರುತ್ತಾರೆ.

ಐದು ನಿಮಿಷ ಕಳೆಯಿತು. ಹಣೆಯಲ್ಲಿ ಬೆವರು. "ಇವತ್ತು ಸ್ವಲ್ಪ ಬಿಗಿಯಾಗಿ ಬಿದ್ದಿದೆ," ಎಂದ.

"ಕೊಡಿ ಇಲ್ಲಿ," ಎಂದರು ಕಂಡಕ್ಟರು. "ಎಂಥೆಂಥ ಟಿಕೆಟ್ ಕಟ್ಟನ್ನು ಹಲ್ಲಲ್ಲೇ ಹರಿದಿದ್ದೀನಿ." ಬಾಯಿ ಹಾಕಿ ಎಳೆದರು. ಗಂಟು ಬರಲಿಲ್ಲ, ಕಂಡಕ್ಟರ ಮೇಲಿನ ಸಾಲಿನ ಹಲ್ಲಿನ ಸೆಟ್ಟು ಬಂತು. ಅದು ಹುರಿಯನ್ನು ಕಚ್ಚಿಕೊಂಡು ಡಬ್ಬಿಯ ಮೇಲೆಯೇ ಕೂತಿತು.

ಅತ್ತೆ ತಲೆಯಿಂದ ಹೇರ್‌ಪಿನ್ ಕಿತ್ತು ಮುಂದೆ ಬಂದರು. ಪಿನ್ನು ಬಾಗಿತು. ಎರಡನೆಯದೂ ಬಾಗಿತು.

"ಕತ್ತರಿ ಇಲ್ವೇನ್ರೀ ಇಲ್ಲಿ?"

"ಇದೆ," ಎಂದರು ದೊಡ್ಡ ಟೀಚರು. "ಮೊದಲನೇ ದಿನವೇ ಕತ್ತರಿಸೋಕೆ ಹೋದೆ. ಈ ಹುಡುಗಿ ಡಬ್ಬಿಯನ್ನ ತಬ್ಬಿಕೊಂಡು ಅತ್ತುಬಿಟ್ಲು. ಕತ್ತರಿಸಿದ್ರೆ ಅಪ್ಪನ ಮುಖಕ್ಕೆ ಹೊಡೆದ ಹಾಗೆ ಅಂತೆ."

ಹೊರಗೆ ಮಕ್ಕಳು ಉಂಡು, ಆಡಿ, ಕೂಗುವ ಸದ್ದು ಎಲ್ಲೋ ದೂರದಿಂದ ಬಂದ ಹಾಗೆ ಬಂತು. ಪಾರ್ಸೆಲ್ಲಣ್ಣ ಗಂಟನ್ನು ಎಳೆಯುತ್ತಲೇ ಇದ್ದ. ಗಡಿಯಾರದ ಮುಳ್ಳು ಇಪ್ಪತ್ತನೇ ನಿಮಿಷ ಮುಟ್ಟಿತು. ಬಿಡುವು ಮುಗಿದ ಗಂಟೆ ಹೊಡೆಯಿತು.

ಆ ಗಂಟೆಯ ಸದ್ದು ಅಡಗಿದ ಮೇಲೆ ಇನ್ನೊಂದು ಸದ್ದು ಕೇಳಿಸಿತು. ಉದ್ದನೆಯ ಗುರ್ರೆನ್ನುವ ಸದ್ದು. ಎಲ್ಲರೂ ಬೆಂಚಿನ ಕಡೆ ತಿರುಗಿದರು.

"ನಾನಲ್ಲ," ಎಂದ ಗುಂಡ. "ಹೊಟ್ಟೆ."

ಪಾರ್ಸೆಲ್ಲಣ್ಣನ ಬೆರಳುಗಳು ಗಂಟಿನ ಮೇಲೆ ಹಾಗೇ ನಿಂತವು. ಆರು ದಿನ. ಆರು ಸಲ ಈ ಗಂಟೆ ಹೀಗೇ ಹೊಡೆದಿರಬೇಕು.

"ಕೊಡಪ್ಪ," ಎಂದು ಪುಟ್ಟಿ ಎದ್ದು ಬಂದಳು. ಕಂಡಕ್ಟರ ಹಲ್ಲನ್ನು ಮರ್ಯಾದೆಯಿಂದ ಬಿಡಿಸಿ ಪಕ್ಕಕ್ಕಿಟ್ಟಳು. "ಎಳೀಬಾರ್ದು. ಎಳೆದ್ರೆ ಅದಕ್ಕೆ ಕೋಪ ಬರುತ್ತೆ. ಮೊದಲು ಹೀಗೆ ಒಳಗೆ ತಳ್ಬೇಕು, ಇನ್ನೂ ಬಿಗಿ ಮಾಡ್ತೀವಿ ಅನ್ನೋ ಹಾಗೆ. ಆಗ ಅದು ಸಡಿಲ ಆಗುತ್ತೆ." ಒಂದು ಸುತ್ತು ಬಿಟ್ಟಿತು. ಎರಡು. ಮೂರು. ಕೆಂಪಾದ ಆ ಪುಟ್ಟ ಬೆರಳುಗಳು ಅವನ ಏಳು ಸುತ್ತನ್ನೂ ಹಿಂದಿನಿಂದ ಮುಂದಕ್ಕೆ ನಡೆದು ಬಂದವು. "ಮೊದಲ್ನೇ ದಿನ ಕೊನೇ ಪೀರಿಯಡ್ ತನಕ ಹಿಡೀತು. ಈಗ ಬೇಗ ಆಗುತ್ತೆ. ಆದ್ರೆ ಎರಡು ಡಬ್ಬಿ ಅಲ್ವಾ? ಟೀಚರು ಮಧ್ಯೆ ಮಧ್ಯೆ ನೋಡ್ತಾರೆ."

"ಊಟ ಯಾವಾಗ ಮಾಡ್ತಿದ್ರಿ ಮತ್ತೆ?" ಅತ್ತೆ ಬಾಗಿದ ಪಿನ್ನನ್ನು ಕೆಳಗಿಟ್ಟರು.

"ಶಾಲೆ ಬಿಟ್ಟ ಮೇಲೆ ಅಜ್ಜಿ. ಗೇಟಿನ ಹತ್ರ ಕಲ್ಲುಬೆಂಚಿದೆಯಲ್ಲ, ಅಲ್ಲಿ. ಎಲ್ಲಾ ತಿಂತಿದ್ವಿ. ನಿಜ್ವಾಗ್ಲೂ. ಚೂರೂ ಬಿಸಾಕಿಲ್ಲ."

"ಹೇಳ್ಬಾರ್ದಿತ್ತೇನೇ ನಿಮ್ಮಪ್ಪಂಗೆ!"

ಪುಟ್ಟಿ ಹುರಿಯನ್ನು ಬೆರಳಿಗೆ ಸುತ್ತುತ್ತ ಇದ್ದಳು. ತಲೆ ಎತ್ತಲಿಲ್ಲ. "ಹೇಳಿದ್ರೆ ನೀವು ಅಮ್ಮಂಗೆ ಫೋನ್ ಮಾಡ್ತೀರಲ್ಲ. ಅಮ್ಮನ ಪರೀಕ್ಷೆ ಹೋಗುತ್ತೆ." ಸ್ವಲ್ಪ ತಡೆದು, "ಆಮೇಲೆ... ಅಪ್ಪ ಸಂಜೆ ಖಾಲಿ ಡಬ್ಬಿ ನೋಡಿ ಅಷ್ಟು ನಗ್ತಿದ್ದ," ಎಂದಳು.

ಪಾರ್ಸೆಲ್ಲಣ್ಣ ಮೊಟ್ಟೆಯ ಮೇಲಿನ ಹತ್ತಿಯನ್ನು ಬಿಡಿಸತೊಡಗಿದ. ಅದು ಅವನ ಕೈಲಾಗುವ ಕೆಲಸವಾಗಿತ್ತು.

ಸರಿಯಾಗಿ ಆಗ ಅತ್ತೆಯ ಕೈಯಲ್ಲಿದ್ದ ಮೊಬೈಲು ಬಡಿದುಕೊಂಡಿತು. ಮಗಳದೇ ಫೋನು. ಎಲ್ಲರ ಕಣ್ಣೂ ಅತ್ತೆಯ ಮೇಲೆ. ಅತ್ತೆ ಫೋನನ್ನು ಕಿವಿಗಿಟ್ಟರು.

"ಹಲೋ... ಹೂಂ... ಊಟಾನಾ?" ಅವರು ಅಳಿಯನನ್ನು ನೋಡಿದರು. ಅವನು ಹತ್ತಿ ಹಿಡಿದು, ಪರೀಕ್ಷೆಯಲ್ಲಿ ಕಾಪಿ ಹೊಡೆದು ಸಿಕ್ಕಿಬಿದ್ದ ಹುಡುಗನ ಹಾಗೆ ನಿಂತಿದ್ದ. ಆಚೆ ಪುಟ್ಟಿ ಹುರಿ ಸುತ್ತುವುದನ್ನು ನಿಲ್ಲಿಸಿದ್ದಳು. ದೊಡ್ಡ ಟೀಚರು ಒಂದು ಲೋಟ ನೀರನ್ನು ಮೆಲ್ಲಗೆ ಗುಂಡನ ಮುಂದಿಟ್ಟರು.

"ಮಾಡ್ತಿದಾರೆ ಕಣೇ," ಎಂದರು ಅತ್ತೆ ಕೊನೆಗೆ. "ನನ್ನ ಕಣ್ಣೆದುರಿಗೇ ಮಾಡ್ತಿದಾರೆ. ನಿನ್ನ ಗಂಡ ಮೊಟ್ಟೆ ಸುಲಿದು ಕೊಡ್ತಿದಾರೆ. ನೀನು ಪರೀಕ್ಷೆ ಮುಗಿಸ್ಕೊಂಡೇ ಬಾ. ಇಲ್ಲಿ ಏನೂ ಆಗಿಲ್ಲ." ಫೋನು ಇಟ್ಟು, ಅಳಿಯನ ಕಡೆ ತಿರುಗಿ, "ನಿಂತ್ಕೊಂಡು ಏನು ನೋಡ್ತೀರಿ? ಸುಲಿದು ಕೊಡ್ರೀ! ನನ್ನ ಮಾತು ಸುಳ್ಳಾಗಬಾರ್ದು," ಎಂದು ಗದರಿದರು.

ಅಂದು ಇಬ್ಬರೂ ಮಕ್ಕಳು ಪಾಠದ ಹೊತ್ತಿನಲ್ಲಿ ದೊಡ್ಡ ಟೀಚರ ಮೇಜಿನ ಮೇಲೆಯೇ ಊಟ ಮಾಡಿದರು. ಪುಟ್ಟಿ ಉಣ್ಣುತ್ತಲೇ ಎಡಗೈಯಲ್ಲಿ ಕನ್ನಡಕದ ಡಬ್ಬಿಯನ್ನೂ ಬಿಚ್ಚಿಕೊಟ್ಟಳು.

ಬುಧವಾರ ಬೆಳಗ್ಗೆ ಪಾರ್ಸೆಲ್ಲಣ್ಣ ಡಬ್ಬಿಗಳ ಮುಂದೆ ಬಹಳ ಹೊತ್ತು ನಿಂತ. ರಟ್ಟಿಲ್ಲ. ಕಾಗದವಿಲ್ಲ. ಬಾಣವಿಲ್ಲ. ಮುಚ್ಚಳ ಒತ್ತಿ, ಮೇಲೊಂದು ರಬ್ಬರ್ ಬ್ಯಾಂಡು ಹಾಕಿದ. ಹಾಕುವಾಗ ಬಾಗಿಲ ಕಡೆ ಒಮ್ಮೆ ನೋಡಿದ, ಆಫೀಸಿನವರು ಯಾರಾದರೂ ನಿಂತಿದ್ದಾರೋ ಎಂಬಂತೆ. "ಗುಂಡಾ, ಇವತ್ತಿಂದ ನೀನು ಬಗ್ಗಬಹುದು," ಎಂದ. ಗುಂಡ ಅಲ್ಲೇ ಒಂದು ಲಾಗ ಹಾಕಿದ.

ಇಡೀ ದಿನ ಪಾರ್ಸೆಲ್ಲಣ್ಣನಿಗೆ ಕೆಲಸ ಓಡಲಿಲ್ಲ. ಸಂಜೆ ಚೀಲ ತೆರೆದರೆ ಒಂದು ಮೂಲೆಯಲ್ಲಿ ಜಾಮಿನ ಕಲೆ. ಪುಟ್ಟಿಯ ಡಬ್ಬಿಯಲ್ಲಿ ಬ್ರೆಡ್ಡಿನ ಅಂಚು ಹಾಗೇ ಉಳಿದಿತ್ತು.

"ಅಂಚು ಗಟ್ಟಿ ಇತ್ತಪ್ಪ. ಬೇಡ ಅನ್ನಿಸ್ತು," ಎಂದಳು ಅವಳು. ಒಂದು ವಾರದಲ್ಲಿ ಅವಳು 'ಬೇಡ' ಎಂದದ್ದು ಅದೇ ಮೊದಲು. ಪಾರ್ಸೆಲ್ಲಣ್ಣ ಆ ಅಂಚನ್ನು ತಾನೇ ತಿಂದ. ನಿಜಕ್ಕೂ ಗಟ್ಟಿ ಇತ್ತು. ಅತ್ತೆ ಜಾಮಿನ ಕಲೆಯನ್ನು ನೋಡಿದರು, ಒದ್ದೆ ಬಟ್ಟೆ ತಂದು ಒರೆಸಿದರು, ಮೊಬೈಲಿನ ಮಾತೆತ್ತಲಿಲ್ಲ.

ಶುಕ್ರವಾರ ಸಂಜೆ ಹೆಂಡತಿ ಬಂದಳು. ಪಾಸಾಗಿದ್ದಳು. ಮಕ್ಕಳು ಎರಡು ಕಡೆಯಿಂದ ಜೋತುಬಿದ್ದರು, ಕಂಡಕ್ಟರು ಕೆಳಗಿನಿಂದ ಸೀಟಿ ಊದಿದರು. ಗದ್ದಲವೆಲ್ಲ ಅಡಗಿದ ಮೇಲೆ ಅವಳು ಚೀಲದ ತಳದಿಂದ ಏನನ್ನೋ ತೆಗೆದು ಮೇಜಿನ ಮೇಲಿಟ್ಟಳು.

ಬಿಸ್ಕತ್ತಿನ ಕಟ್ಟು. ರಟ್ಟು, ಹುರಿ, ಏಳು ಸುತ್ತಿನ ಗಂಟು. ಭಾನುವಾರ ಹೇಗೆ ಹೋಗಿತ್ತೋ ಹಾಗೇ.

ಪಾರ್ಸೆಲ್ಲಣ್ಣ ಅದನ್ನೇ ನೋಡಿದ. "ಹಾಗೇ ಇದೆ ಅಂದಿದ್ದೆ..."

"ಹಾಗೇ ಇದೆಯಲ್ಲ ರೀ. ಹನ್ನೆರಡು ದಿನ ಗಾಯ ಕಟ್ಟೋದು, ಹೊಲಿಗೆ ಬಿಚ್ಚೋದು, ಎಲ್ಲಾ ಕಲ್ತೆ. ದೊಡ್ಡ ಡಾಕ್ಟರ ಕೈಗೂ ಕೊಟ್ಟು ನೋಡಿದೆ. ಇದೊಂದು ಆಗ್ಲಿಲ್ಲ."

"ಕತ್ತರಿ ಇರಲಿಲ್ವಾ ಅಲ್ಲಿ?"

"ಇತ್ತು. ಹದಿನಾಲ್ಕು ಥರದ ಕತ್ತರಿ ಇತ್ತು."

"ಮತ್ತೆ?"

ಅವಳು ಬಸ್ಸಿನ ಧೂಳು ಕೂತಿದ್ದ ಆ ಗಂಟನ್ನು ಸೆರಗಿನಿಂದ ಒರೆಸಿದಳು, ಅಷ್ಟೇ.

ಪಾರ್ಸೆಲ್ಲಣ್ಣ ಎದ್ದ. ಅಡುಗೆಮನೆಗೆ ಹೋದ. ಬಂದಾಗ ಅವನ ಕೈಯಲ್ಲಿ ಕತ್ತರಿ ಇತ್ತು. ನಡುಗೋಡೆಯ ಕಟ್ಟಿನೊಳಗಿನ ಪತ್ರವೂ ಒಮ್ಮೆ ಅಲುಗಿತೋ ಏನೋ. ಅವನು ಕತ್ತರಿಯ ಬಾಯಿಯನ್ನು ಹುರಿಗೆ ತಂದ.

"ತಡಿ ಅಪ್ಪ!" ಪುಟ್ಟಿ ಅವನ ಕೈಯನ್ನು ಸರಿಸಿದಳು. "ಹುರಿ ಹಾಳಾಗುತ್ತೆ." ಕುರ್ಚಿಯ ಮೇಲೆ ಮಂಡಿಯೂರಿ, ಗಂಟನ್ನು ಒಳಕ್ಕೆ ತಳ್ಳಿ, ಒಂದೊಂದೇ ಸುತ್ತು ಬಿಡಿಸಿದಳು. ಅವಳಮ್ಮ ಬಾಯಿ ತೆರೆದುಕೊಂಡು ನೋಡಿದಳು. ಮುಚ್ಚಳ ತೆರೆಯಿತು.

ಎಲ್ಲರೂ ಬಗ್ಗಿದರು. ಗುಂಡನೂ ಬಗ್ಗಿದ. ಬಿಸ್ಕತ್ತುಗಳು ಸಾಲಾಗಿ, ಇಟ್ಟದ್ದು ಇಟ್ಟ ಹಾಗೆ ನಿಂತಿದ್ದವು. ಅತ್ತೆ ಒಂದನ್ನು ತೆಗೆದು ಸಂಶಯದಿಂದ ಕಚ್ಚಿದರು. ಕಟುಂ ಎಂಬ ಸದ್ದು ಮನೆಯೆಲ್ಲ ಕೇಳಿಸಿತು.

"ನೋಡಿದ್ರಾ?" ಎಂದ ಪಾರ್ಸೆಲ್ಲಣ್ಣ, ತಡೆಯಲಾಗದೆ. "ಒಂದೂ ಮುರಿದಿಲ್ಲ!"

ಅದಕ್ಕೆ ಯಾರೂ ಏನೂ ಅನ್ನಲಿಲ್ಲ. ಎಲ್ಲರ ಬಾಯಿಯಲ್ಲೂ ಬಿಸ್ಕತ್ತು ಇತ್ತು.